ತಾಯವ್ವ ಕಡಿದ ಹಾಸು

ಇಳಕಲ್ಲಿನ ನಮ್ಮ ಓಣಿಯ ನೇಕಾರ ಅಂದಪ್ಪನ ಮನೆಯಲ್ಲಿ ತಾಯವ್ವ ಹನ್ನೊಂದು ವರ್ಷ ಕಂಡಿಕೆಗೆ ನೂಲು ಸುತ್ತಿದಳು. ಅವಳದು ಊರಾಚೆಯ ಗುಡಿಸಲು. ಬ್ರಿಟಿಷರ ಕಾಲದ ಕಾನೂನು ಅಲ್ಲಿನವರನ್ನು ಹುಟ್ಟುಗಳ್ಳರೆಂದು ಪಟ್ಟಿಮಾಡಿತ್ತು; ಗಂಡಸರು ದಿನಾ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. ಆ ಕಾನೂನು ಹೋಗಿ ಇಪ್ಪತ್ತು ವರ್ಷವಾದರೂ ಊರಿನವರ ಬಾಯಲ್ಲಿ ಅವರು ಕಳ್ಳರೇ.

೧೯೭೪ರ ಶ್ರಾವಣದಲ್ಲಿ ಅಂದಪ್ಪನ ಮನೆಯಿಂದ ಎರಡು ಲಡಿ ರೇಷ್ಮೆ ನೂಲು ಕಾಣೆಯಾಯಿತು. ಮನೆಯಲ್ಲಿ ಹುಡುಕುವ ಮೊದಲೇ ಅವನ ಹೆಂಡತಿ ಬಸಲಿಂಗವ್ವ ತಾಯವ್ವನ ಸೆರಗಿಗೆ ಕೈಹಾಕಿದಳು. ಓಣಿಯ ಹೆಂಗಸರೆದುರು ಸೀರೆ ಬಿಚ್ಚಿಸಿದರು. ಆ ಹೆಂಗಸರಲ್ಲಿ ನಮ್ಮವ್ವನೂ ಇದ್ದಳು. ಏನೂ ಸಿಗಲಿಲ್ಲ.

"ಎಲ್ಲಿ ಸಿಗತೈತ್ರಿ? ಮುಚ್ಚಿಡೂದು ಇವರಿಗೆ ಹುಟ್ಟಿದಾಗಿಂದ ಗೊತ್ತು," ಎಂದಳು ಬಸಲಿಂಗವ್ವ.

ನೂಲನ್ನು ಹುನಗುಂದಕ್ಕೆ ಒಯ್ದು ಮಾರಿದವನು ಅಂದಪ್ಪನ ಅಳಿಯ. ವಾರದೊಳಗೆ ಅದು ಮನೆಯವರಿಗೆ ತಿಳಿಯಿತು. ಅಂದಪ್ಪ ಬಾಯಿಬಿಡಲಿಲ್ಲ. "ಆದದ್ದು ಆತು, ಕೆಲಸಕ್ಕ ಬಾ," ಎಂದು ಹೇಳಿಕಳಿಸಿದ, ಅಷ್ಟೇ. ಪಕ್ಕದ ಮನೆಯ ನೇಕಾರ ಫಕ್ರುಸಾಬ ತಡೆಯಲಾರದೆ ನಿಜ ಸಂಗತಿಯನ್ನು ತಾಯವ್ವನಿಗೆ ಹೇಳಿದ.

ಜ್ವರವೆಂದು ತಾಯವ್ವ ಕೆಲಸಕ್ಕೆ ಹೋಗಲಿಲ್ಲ. ಅಂದಪ್ಪನ ಮನೆಯವರೆಲ್ಲ ಮಠಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಒಳನುಗ್ಗಿ, ಮಗ್ಗಕ್ಕೆ ಉದ್ದಕ್ಕೂ ಬಿಗಿದಿದ್ದ ಹಾಸಿನ ಎಳೆಗಳನ್ನೆಲ್ಲ ಕುಡುಗೋಲಿನಿಂದ ಕಡಿದುಹಾಕಿದಳು. ಗುಡಿಸಲಿಗೆ ಬಂದು ರೊಟ್ಟಿ ಬಡಿದಳು.

ಅದೇ ಹೊತ್ತಿಗೆ ಓಣಿಯಲ್ಲಿ ಕಸಬರಿಗೆ ಮಾರುತ್ತ ಹೋಗಿದ್ದವನು ಅವಳ ಪಕ್ಕದ ಗುಡಿಸಲಿನ ಮುದುಕ ಕನಕಪ್ಪ. ಪೊಲೀಸರು ಅವನನ್ನು ಎಳೆದೊಯ್ದರು. ತಾಯವ್ವ ಹೆದರಿ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಠಾಣೆಗೆ ಹೋಗಿ, "ನಾನ ಕಡದೇನ್ರಿ," ಎಂದಳು.

"ನಿಮ್ಮವರನ್ನ ಬಿಡಸಾಕ ನೀವು ಏನರ ಹೇಳ್ತೀರಿ," ಎಂದು ಹವಾಲ್ದಾರ ನಕ್ಕ.

ಅವನ ಬಾಯಿಂದ ಏನೂ ಹೊರಡದ್ದರಿಂದ ಅದೇ ಸಂಜೆ ಕನಕಪ್ಪನನ್ನು ಬಿಟ್ಟರು. ಬಲಗೈಯ ಬೆರಳುಗಳು ಮುರಿದಿದ್ದವು. ತಾಯವ್ವ ಗಂಗಾಳದಲ್ಲಿ ನುಚ್ಚು ಕಲಸಿಕೊಂಡು ಹೋಗಿ, ತಾನು ಮಾಡಿದ್ದನ್ನು ಅವನಿಗೆ ಹೇಳಿದಳು.

"ಠಾಣೇಕ ಯಾವಾಗ ಹೋಗಿದ್ದಿ?" ಎಂದು ಕೇಳಿದ.

"ಇವತ್ತ, ಕಾಕಾ."

"ಬೆರಳು ಮುರದದ್ದು ನಿನ್ನಿ," ಎಂದು ಎಡಗೈಯಿಂದ ಗಂಗಾಳ ದೂಡಿದ.

ಇದನ್ನೆಲ್ಲ ನನಗೆ ಹೇಳಿದ್ದು ತಾಯವ್ವನೇ, ಬಹಳ ವರ್ಷಗಳ ಮೇಲೆ. ಅಂದಪ್ಪನ ಮನೆಗೆ ಅವಳು ಮತ್ತೆ ಕಾಲಿಡಲಿಲ್ಲ. ಹಳ್ಳದ ದಂಡೆಯಿಂದ ಈಚಲ ಗರಿ ತಂದು, ಕಸಬರಿಗೆ ಕಟ್ಟಿ, ಕನಕಪ್ಪನ ಬಾಗಿಲಲ್ಲಿಟ್ಟು ಬರುತ್ತಿದ್ದಳು. ಅವನ್ನು ಮಾರಿಯೇ ಅವನು ಇನ್ನೂ ಆರು ವರ್ಷ ಹೊಟ್ಟೆ ಹೊರೆದ. ಅವಳೊಂದಿಗೆ ಒಂದು ಮಾತೂ ಆಡದೆ ತೀರಿಕೊಂಡ.