ತಿಮ್ಮಪ್ಪನವರ ಬಣ್ಣದ ತೀರ್ಪು

ಹಿರಿಯೂರಿನ ಆ ಬೀದಿಯಲ್ಲಿ ಯಾರೇ ಗೋಡೆಗೆ ಬಣ್ಣ ಹೊಡೆಸಲಿ, ಚಿಕ್ಕತಿಮ್ಮಪ್ಪನವರು ಹೆಂಡತಿ ಹೊನ್ನಕ್ಕನೊಂದಿಗೆ ಬಂದು ಒಪ್ಪಿಗೆ ಕೊಡಬೇಕು. ಮಾರಿಕಣಿವೆ ಅಣೆಕಟ್ಟಿನ ತೂಬುಗಳಿಗೆ ಮೂವತ್ತು ವರ್ಷ ಕಪ್ಪು ಬಣ್ಣ ಬಳಿಸಿದ ಅನುಭವ ಅವರದು. ಈಗ ಅವರದೇ ನಡುಮನೆಯ ಸರದಿ. ಗೋಡೆಯ ಮೇಲೆ ಸ್ಯಾಂಪಲ್ಲಿನ ಆರು ಪಟ್ಟೆಗಳಿವೆ. ತಿಮ್ಮಪ್ಪನವರು ಕೈ ಹಿಂದಕ್ಕೆ ಕಟ್ಟಿ, "ಅವಸರ ಮಾಡಬ್ಯಾಡಪ್ಪ, ಬಣ್ಣ ಮಾತಾಡಬೇಕು," ಎನ್ನುತ್ತಾರೆ. "ಅದು ಮಾತಾಡೋದ್ರಾಗೆ ನಂಗೆ ವಯಸ್ಸಾಗ್ತೈತೆ. ಕೆಂಪಾ, ಹಸಿರಾ, ನೀವೇ ಹೇಳ್ರಿ ಸಾರ್," ಎಂದು ಪೇಂಟರ್ ಗೊಲ್ಲಪ್ಪ ಗೊಣಗುತ್ತಾನೆ. ತಿಮ್ಮಪ್ಪನವರು ಅಡುಗೆಮನೆಯ ಕಡೆ ನೋಡುತ್ತಾರೆ. ಅಷ್ಟರಲ್ಲಿ ಹೊನ್ನಕ್ಕ ಕಾಫಿ ತಂದು ಒಂದು ಪಟ್ಟೆಯ ಬುಡದಲ್ಲಿಟ್ಟು, "ಹಸಿರು ಇನ್ನೂ ಒಣಗಿಲ್ಲ, ಲೋಟ ತಗುಲಿಸಬ್ಯಾಡ್ರಿ," ಎನ್ನುತ್ತಾರೆ. "ಹಸಿರೇ!" ಎಂದು ತಿಮ್ಮಪ್ಪನವರು ತೀರ್ಪು ಕೊಡುತ್ತಾರೆ. ಹಸಿರು ಕೆಂಪು ಎರಡೂ ಅವರ ಕಣ್ಣಿಗೆ ಒಂದೇ ಎಂಬುದು ಮದುವೆಯಾದ ವಾರದಿಂದ ಹೊನ್ನಕ್ಕನೊಬ್ಬರಿಗೇ ಗೊತ್ತು. ನೆರೆಯವರು ಬಣ್ಣ ಹೊಗಳಿದರೆ ಹೊನ್ನಕ್ಕ ಸೆರಗು ಸರಿಮಾಡಿಕೊಂಡು, "ನಂದೇನೈತ್ರಿ, ಎಲ್ಲಾ ಇವರ ಕಣ್ಣು," ಎನ್ನುತ್ತಾರೆ.