ಪ್ಲೇಟು ಮೇಸ್ತ್ರಿಯ ಪ್ಲೇಟಿಲ್ಲದ ಕಾಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ದೋಣಿ ರಿಪೇರಿ ಶೆಡ್ಡಿನಲ್ಲಿ ನಿಂತ ಬಿಳಿ ದೋಣಿಯೊಂದರ ಒಳಗೆ, ಹಿಂದಿನ ಸೀಟು ಕಿತ್ತು ಮಾಡಿಕೊಂಡ ಇಕ್ಕಟ್ಟಿನಲ್ಲಿ, ಮೇಸ್ತ್ರಿ ಮಗ್ಗುಲಾಗಿ ಮಲಗಿದ್ದಾರೆ. ಬಾಯಲ್ಲಿ ಟಾರ್ಚು. ದೋಣಿಯ ಮೇಲಿನ ಟವರಿನ ಎಡ ಹಿಂಗಾಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಹರಡಿವೆ. ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಿ ಕುಟ್ಟುತ್ತಾರೆ. ಟಣ್ ಎನ್ನಬೇಕಾದ ಜಾಗ ದಬ್ ಎನ್ನುತ್ತದೆ. ಸದ್ದು ಬದಲಾದೀತೆಂಬ ಆಸೆಯಿಂದ ಇನ್ನೊಮ್ಮೆ ಕುಟ್ಟುತ್ತಾರೆ. ಆಮೇಲೆ ಟಾರ್ಚ್ ಆರಿಸಿ ಹಾಗೇ ಬಿದ್ದುಕೊಳ್ಳುತ್ತಾರೆ.

“ಪೇಪರಿನವರು ಇವತ್ತೇ ಬರಬೇಕಿತ್ತಾ?” ಕೊನೆಗೆ ಹೊರಗೆ ಬಂದವರೇ ಗೊಣಗುತ್ತಾರೆ.

ಮೋಜಿನ ದೋಣಿಗಳ ಮೇಲೆ ಕಮಾನಿನಂತೆ ನಿಂತಿರುವ ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಅಂದರೆ ಈ ಟವರು, ಬರೀ ಚೆಂದಕ್ಕೆ ಎಂದುಕೊಳ್ಳುವವರೇ ಹೆಚ್ಚು. ಅದರ ನೆತ್ತಿಗೆ ಹಗ್ಗ ಕಟ್ಟಿ ದೋಣಿ ಓಡಿಸಿದರೆ, ಹಗ್ಗದ ಇನ್ನೊಂದು ತುದಿ ಹಿಡಿದವರು ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುತ್ತಾರೆ, ಹಾರುತ್ತಾರೆ. ಅವರ ಒಂದೊಂದು ಜಗ್ಗಾಟವೂ ಟವರಿನ ನಾಲ್ಕು ಕಾಲುಗಳಿಗೆ ಇಳಿಯುತ್ತದೆ. ಕಾಲು ಊರಿದ ಫೈಬರ್ ಮೈ ಬೆರಳಿನ ದಪ್ಪವೂ ಇರುವುದಿಲ್ಲ. ಅದಕ್ಕೇ ಬೋಲ್ಟು ಒಳಗೆ ಇಳಿದ ಕಡೆ ಅಂಗೈ ಅಗಲದ ಲೋಹದ ಪ್ಲೇಟು ಕೊಟ್ಟು ನಟ್ಟು ಬಿಗಿಯಬೇಕು. ಬರೀ ನಾಣ್ಯದಗಲದ ವಾಷರ್ ಹಾಕಿದರೆ ಭಾರವೆಲ್ಲ ಒಂದೇ ಕಡೆ ಬಿದ್ದು, ಒಂದಲ್ಲ ಒಂದು ದಿನ ಬೋಲ್ಟು ಕಿತ್ತುಕೊಂಡು ಬರುತ್ತದೆ. ಟವರು ದೋಣಿಯಲ್ಲಿ ಕೂತವರ ತಲೆ ಮೇಲೇ ಬೀಳಬಹುದು. ಈ ಮಾತನ್ನು ಶೆಡ್ಡಿನವರಿಗೆಲ್ಲ ಕಿವಿ ತೂತಾಗುವಷ್ಟು ಸಲ ಹೇಳಿ ಹೇಳಿಯೇ ಅವರಿಗೆ ‘ಪ್ಲೇಟು ಮೇಸ್ತ್ರಿ’ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಆ ಪ್ಲೇಟು ಈ ಒಂದು ಕಾಲಿನಡಿ ಇಲ್ಲ. ಅದು ಇಲ್ಲವೆಂದು ಗೊತ್ತಿರುವುದು ಅವರೊಬ್ಬರಿಗೇ.

ದೋಣಿಗಳ ತಳಕ್ಕೆ ಅಂಟಿದ ಪಾಚಿ ಕೆರೆಯುವ ಕೆಲಸದಿಂದ ಶುರುವಾದ ಬದುಕು ಅವರದು. ಆಮೇಲೆ ಫೈಬರ್ ಉಜ್ಜುವುದು, ಆಮೇಲೆ ಟವರು. “ಆ ಧೂಳು ಮೈಗೆ ಹತ್ತಿದ್ರೆ ಒಂದೇ ತುರಿಕೆ. ಮನೆಗೆ ಹೋದ್ರೆ ಇವಳು, ಮೊದಲು ಸ್ನಾನ ಆಮೇಲೆ ಮಾತು ಅಂತಿದ್ಲು,” ಎನ್ನುತ್ತಾರೆ. ಅದೇ ಶೆಡ್ಡಿನ ಮೂಲೆಯಲ್ಲಿ ದೋಣಿ ಸೀಟುಗಳಿಗೆ ರೆಕ್ಸಿನ್ ಕವರ್ ಹೊಲಿಯುವ ಹೆಂಡತಿ ಮಿಷನ್ ನಿಲ್ಲಿಸದೆಯೇ “ಈಗಲೂ ಅಷ್ಟೇ” ಎನ್ನುತ್ತಾರೆ.

ಆಗ ಮೇಸ್ತ್ರಿಯದು ಕಡ್ಡಿಯಂಥ ಕೈ. ದೋಣಿಯ ಒಳಮೈಯಲ್ಲಿ ಹಾಡಿನ ಸ್ಪೀಕರ್ ಕಳಚಿದ ತೂತಿನಲ್ಲಿ ಭುಜದವರೆಗೂ ತೂರಿಸಿ, ಕಣ್ಣಿಗೆ ಕಾಣದ ಸಂದಿನಲ್ಲಿ ಬೆರಳಿನಲ್ಲೇ ನಟ್ಟು ಹುಡುಕುತ್ತಿದ್ದರು. ವಯಸ್ಸಾಗುತ್ತ ಮೈ ತುಂಬಿತು, ಹೊಟ್ಟೆ ಮುಂದೆ ಬಂತು, ಜಾರಿ ಬಿದ್ದು ಮುರಿದ ಮೊಣಕೈ ಸರಿಯಾಗಿ ಮಡಚದಾಯಿತು. ಕಳೆದ ಬೇಸಿಗೆಯಲ್ಲಿ ಈ ದೋಣಿಗೆ ಟವರು ಕೂರಿಸುವಾಗ ಮೂರು ಕಾಲು ಸಲೀಸಾಗಿ ಆಯಿತು. ನಾಲ್ಕನೆಯದಕ್ಕೆ ಪ್ಲೇಟು ಹಿಡಿದ ಕೈ ಒಳಗೆ ಹೋಗಲೇ ಇಲ್ಲ.

“ಸುತ್ತ ಎಲ್ಲರೂ ನಿಂತು ನೋಡ್ತಿದ್ರು. ಮೇಸ್ತ್ರಿ ಕೈಯೇ ಹೋಗ್ತಿಲ್ಲ ಅಂದ್ರೆ ನಗ್ತಾರೆ ಅನ್ನಿಸ್ತು. ಬರಿಗೈ ತೂರಿಸಿ ವಾಷರ್ ಹಾಕಿ, ಆಯ್ತು ಅಂದ್ಬಿಟ್ಟೆ.” ಪೇಪರಿನವರಿಗೆ ಇಷ್ಟು ಹೇಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ. ಮೂಲೆಯ ಮಿಷನ್ ನಿಂತಿದೆ. ಹೆಂಡತಿಗೂ ಇದು ಗೊತ್ತಾಗುತ್ತಿರುವುದು ಈಗಲೇ.

ಅಷ್ಟರಲ್ಲಿ ದೋಣಿಯ ಮಾಲೀಕರಾದ ಹಲ್ಲಿನ ಡಾಕ್ಟರು ಮಗಳ ಜೊತೆ ಬರುತ್ತಾರೆ. “ಪೇಂಟ್ ಬಿಟ್ಟಿದೆ ಅಷ್ಟೇ ತಾನೇ ಮೇಸ್ತ್ರಿ? ಒಂದು ಕೋಟ್ ಹೊಡೆದುಕೊಡಿ, ಮಧ್ಯಾಹ್ನ ನೀರಿಗಿಳಿಸೋಣ.” ಮಗಳು ಆಗಲೇ ಈಜುಡುಗೆಯಲ್ಲಿದ್ದಾಳೆ. ಮೇಸ್ತ್ರಿಯ ಬಗ್ಗೆ ಬರೆಯುತ್ತಾರೆಂದು ಕೇಳಿ ಅವಳಿಗೆ ಖುಷಿಯೋ ಖುಷಿ. “ಅಂಕಲ್ ಹಾಕಿದ ಟವರ್ ಅಂತಲೇ ಅಮ್ಮ ನನ್ನನ್ನ ಬಿಡೋದು. ಅಮ್ಮ ಅದರ ಕೆಳಗೇ ಕೂತಿರ್ತಾರೆ, ಇದನ್ನೂ ಬರ್ಕೊಳ್ಳಿ!”

ಮೇಸ್ತ್ರಿಯ ಕಿವಿ ಕೆಂಪಗಾಗುತ್ತದೆ. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಎನ್ನಿಸುತ್ತದೆ. ಒಂದು ಕೋಟ್ ಹೊಡೆದರೆ ಬಿರುಕು ಮುಚ್ಚುತ್ತದೆ, ಡಾಕ್ಟರ ಮುಂದೆ ಮಾನವೂ ಉಳಿಯುತ್ತದೆ.

“ಪೇಂಟ್ ಅಲ್ಲ ಡಾಕ್ಟ್ರೇ. ಒಳಗೆ ಪ್ಲೇಟಿಲ್ಲ. ನಾನೇ ಹಾಕಿಲ್ಲ.”

“ಗೊತ್ತಿದ್ದೂ?”

“ಗೊತ್ತಿದ್ದೂ. ಕೈ ಹೋಗಲಿಲ್ಲ.”

“ಅದನ್ನ ಹೇಳಬಹುದಿತ್ತಲ್ಲ?”

“ಹೇಳೋಕೆ ನಾಚಿಕೆ ಆಯ್ತು.”

ಡಾಕ್ಟರು ಬೈಯುವುದಿಲ್ಲ. ಮಗಳ ಭುಜದ ಮೇಲೆ ಕೈಯಿಟ್ಟು ತಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, “ಸರಿ ಮಾಡಿ” ಎಂದಷ್ಟೇ ಹೇಳಿ ಹೊರಟುಬಿಡುತ್ತಾರೆ. ಬೈದಿದ್ದರೇ ಚೆನ್ನಾಗಿತ್ತು.

“ಅವತ್ತು ನಾನು ಪಕ್ಕದಲ್ಲೇ ಕೂತಿದ್ನಲ್ಲ,” ಎನ್ನುತ್ತಾರೆ ಹೆಂಡತಿ. “ನನ್ನ ಕೈ ಇರಲಿಲ್ವಾ?” ಮೇಸ್ತ್ರಿ ಸ್ಪ್ಯಾನರ್ ತೆಗೆದುಕೊಂಡು ಟವರಿನ ಬೋಲ್ಟು ಬಿಚ್ಚತೊಡಗುತ್ತಾರೆ.

ಟವರು ಇಳಿಯುತ್ತದೆ. ನಜ್ಜುಗುಜ್ಜಾದ ಭಾಗವನ್ನು ಕತ್ತರಿಸಿ ತೆಗೆದು, ಫೈಬರ್ ಬಟ್ಟೆಯನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಹಾಕಿ ಗಟ್ಟಿಯಾಗಲು ಬಿಡುತ್ತಾರೆ. ಮತ್ತೆ ಕಾಲು ಕೂರಿಸುವ ದಿನ ಸ್ಪೀಕರಿನ ತೂತಿನಲ್ಲಿ ಪ್ಲೇಟು ಹಿಡಿದು ಒಳಹೋಗುವುದು ಹೆಂಡತಿಯ ಸಣ್ಣ ಕೈ. “ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ,” ಎಂದು ಮೇಸ್ತ್ರಿ ಶುರುವಿಟ್ಟರೆ, “ಸಿಕ್ತು, ನೀವು ಬಾಯಿ ಮುಚ್ಕೊಂಡು ಮೇಲಿಂದ ತಿರುಗಿಸಿ,” ಎಂಬ ಉತ್ತರ ಒಳಗಿನಿಂದ ಬರುತ್ತದೆ. ಸುತ್ತ ನಿಂತವರು ನಗುತ್ತಾರೆ. ಮಿಕ್ಕ ಮೂರು ಕಾಲುಗಳ ಅಡಿಯ ಪ್ಲೇಟುಗಳನ್ನೂ, ಯಾರೂ ಕೇಳದಿದ್ದರೂ, ಮೇಸ್ತ್ರಿ ಡಾಕ್ಟರನ್ನು ಕರೆಸಿ ಟಾರ್ಚ್ ಬಿಟ್ಟು ತೋರಿಸುತ್ತಾರೆ.

ಮುಂದಿನ ಭಾನುವಾರ ದೋಣಿ ನೀರಿಗಿಳಿಯುತ್ತದೆ. ಹುಡುಗಿ ಹಗ್ಗ ಕೈಗೆ ತೆಗೆದುಕೊಂಡವಳು ತಿರುಗಿ ನೋಡುತ್ತಾಳೆ. “ಅಂಕಲ್, ಈಗ ಗಟ್ಟಿಯಾಗಿದ್ಯಾ?” ಇಷ್ಟು ದಿನ ಅವಳು ಇದನ್ನು ಕೇಳಿದವಳೇ ಅಲ್ಲ.

“ಆಂಟೀನ ಕೇಳಮ್ಮ. ಒಳಗೆ ಕೈ ಹಾಕಿದ್ದು ಅವಳು.”

“ಗಟ್ಟಿಯಾಗಿದೆ, ಹೋಗಿ ಬಾ,” ಎನ್ನುತ್ತಾರೆ ಹೆಂಡತಿ. ದೋಣಿ ಹೊರಡುತ್ತದೆ, ಹಗ್ಗ ಬಿಗಿಯುತ್ತದೆ, ಹುಡುಗಿ ನೀರಿನ ಮೇಲೆ ಎದ್ದು ನಿಲ್ಲುತ್ತಾಳೆ. ಅವಳು ವಾಪಸ್ ದಡಕ್ಕೆ ಬರುವವರೆಗೂ ಮೇಸ್ತ್ರಿ ಆ ಎಡ ಹಿಂಗಾಲಿನಿಂದ ಕಣ್ಣು ಕೀಳುವುದಿಲ್ಲ.

ತಮ್ಮ ಬಗ್ಗೆ ಏನು ಬರೆಯಬೇಕೆಂದು ಕೇಳಿದರೆ ಅವರಿಗಿರುವುದು ಒಂದೇ ಆಸೆ.

“ವಾಷರ್ ವಿಷಯ ಬಿಡಬೇಡಿ. ಶೆಡ್ಡಲ್ಲಿ ಎಲ್ಲರೂ ಓದ್ತಾರೆ, ಓದಿ ನಗ್ಲಿ. ಅವರು ನಗ್ತಾರೆ ಅಂತ ಹೆದರಿ ತಾನೇ, ಆ ಮಗು, ಅವರಮ್ಮ ಇಬ್ಬರ ಜೀವಾನೂ ಒಂದು ವಾಷರ್ ಮೇಲೆ ನಿಲ್ಲಿಸಿದ್ದೆ.”