ಎರಡು ಹಲ್ಲು, ಎರಡು ಕಾಲೇಜು

ನಮ್ಮ ಕೆಳಗಿನ ಮನೆಯ ಕಾಕಾ ನಕ್ಕರೆ ಎಡಗಡೆಯ ಮೇಲಿನ ಕೋರೆಹಲ್ಲು ತುಟಿ ದಾಟಿ ಹೊರಗೆ ಬಂದು ಕೂರುತ್ತಿತ್ತು. ಸಿಟ್ಟು ಬಂದಾಗಲೂ ಅದು ಹೊರಗೇ ಇರುತ್ತಿದ್ದುದರಿಂದ ಅವರಿಗೆ ನಿಜವಾಗಿ ಸಿಟ್ಟು ಬಂದಿದೆ ಎಂದು ಯಾರೂ ನಂಬುತ್ತಿರಲಿಲ್ಲ. ನಾನೀಗ ಹಲ್ಲಿನ ಡಾಕ್ಟರು. ಅಂಥ ಹಲ್ಲನ್ನು ಸರಿಮಾಡಿಸಿಕೊಳ್ಳಲು ಯಾರಾದರೂ ಬಂದರೆ, ‘ಇರಲಿ ಬಿಡಿ, ಚೆನ್ನಾಗಿದೆ’ ಎಂದು ಹೇಳಿಬಿಡುವ ಆಸೆಯಾಗುತ್ತದೆ.

ಕಲ್ಕತ್ತೆಯ ಸಾಲ್ಟ್ ಲೇಕಿನ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಮೇಲೆ ನಾವು, ಮೈಸೂರಿನವರು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ಕೆಳಗೆ ಧಾರವಾಡದ ಕಾಕಾ ಮತ್ತು ಕಾಕು. ಕಾಕಾ ರೈಲ್ವೆಯಲ್ಲಿ ಸಾಮಾನು ಪರೀಕ್ಷಿಸುವ ಇನ್ಸ್‌ಪೆಕ್ಟರ್ ಆಗಿದ್ದವರು. ಬೋಲ್ಟಿರಲಿ, ಬಣ್ಣದ ಡಬ್ಬಿ ಇರಲಿ, ಬೋಗಿಯಲ್ಲಿ ಹಾಸುವ ಕಂಬಳಿ ಇರಲಿ, ಒಂದನ್ನು ತೆಗೆದು, ತಿರುಚಿ, ಜಗ್ಗಿ, ನೀರಿನಲ್ಲಿ ನೆನೆಸಿ ನೋಡಿದ ಮೇಲೆಯೇ ಸಹಿ. “ಸ್ಯಾಂಪಲ್ ನೋಡದ ಸಹಿ ಇಲ್ಲ” ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ನಿವೃತ್ತರಾದ ಮೇಲೆ ಈ ಚಟ ಬಜಾರಿಗೆ ಇಳಿಯಿತು. ಮಾವಿನ ಕಾಲದಲ್ಲಿ ಎರಡು ಅಂಗಡಿಯಿಂದ ಒಂದೊಂದು ಹಣ್ಣು ಕೊಂಡು, ರಸ್ತೆಯಲ್ಲೇ ನಿಂತು ತಿಂದು, ಆಮೇಲೆ ಒಂದು ಅಂಗಡಿಗೆ ಮರಳುವರು. ಚಳಿಗಾಲದಲ್ಲಿ ಹೊಸ ಬೆಲ್ಲದ ಸಂದೇಶ್ ಮಿಠಾಯಿ ಬಂದಾಗ ಮೂರು ಅಂಗಡಿಯದನ್ನು ಮೂರು ತಟ್ಟೆಯಲ್ಲಿಟ್ಟು ನಮ್ಮನ್ನು ಕರೆದು ಕೂರಿಸುವರು. ಯಾವುದು ಯಾವ ಅಂಗಡಿಯದೆಂದು ಹೇಳದೆ ಮಾರ್ಕು ಕೊಡಲು ಹೇಳುವರು.

“ಜೀವನದಾಗ ಸ್ಯಾಂಪಲ್ ನೋಡದ ಸಹಿ ಮಾಡಿದ್ದು ನನಗೊಬ್ಬಾಕಿಗೇ” ಎಂದು ಕಾಕು ತಟ್ಟೆ ಎತ್ತುತ್ತಾ ಹೇಳುವರು. ಕಾಕಾನ ಕೋರೆಹಲ್ಲು ಹೊರಗೆ ಬರುತ್ತಿತ್ತು.

ಹೀಗೆ ಮೂವತ್ತು ವರ್ಷ ಕಲ್ಕತ್ತೆಯ ಸಿಹಿಯನ್ನೆಲ್ಲ ಪರೀಕ್ಷಿಸಿದ ಬಾಯಿ ಸುಮ್ಮನಿರುತ್ತದೆಯೇ? ಎರಡು ದವಡೆ ಹಲ್ಲುಗಳು ಹುಳುಕಾಗಿದ್ದವು, ಎಡಕ್ಕೊಂದು, ಬಲಕ್ಕೊಂದು. ತೋರಿಸಿಕೊಳ್ಳಿ ಎಂದು ಕಾಕು ವರ್ಷದಿಂದ ಗೋಗರೆಯುತ್ತಿದ್ದರು. ಕಾಕಾ ಮಾತ್ರ ಅತ್ತ ಕಿವಿಗೊಟ್ಟಿರಲಿಲ್ಲ.

ಆ ವರ್ಷ ನಾನು ಡೆಂಟಲ್ ಓದಬೇಕೆಂದು ತೀರ್ಮಾನವಾಗಿತ್ತು. ನನ್ನ ಅಂಕಕ್ಕೆ ಎರಡು ಕಾಲೇಜುಗಳಲ್ಲಿ ಸೀಟು ಸಿಗುವ ಹಾಗಿತ್ತು. ಯಾವುದು ಮೊದಲು, ಯಾವುದು ಎರಡನೆಯದು ಎಂದು ಸೋಮವಾರದೊಳಗೆ ಕಂಪ್ಯೂಟರಿನಲ್ಲಿ ತುಂಬಬೇಕು, ಆಮೇಲೆ ಬದಲಾಯಿಸುವ ಹಾಗಿಲ್ಲ. ಒಂದು ನಮ್ಮ ಮನೆಗೆ ಹತ್ತಿರ, ಹೊಸದು, ಪೂರ್ತಿ ಗಾಜು. ಇನ್ನೊಂದು ಊರಿನ ಆ ತುದಿಯಲ್ಲಿ, ಜೋಕಾ ದಾಟಿ, ಸುಣ್ಣ ಉದುರಿದ ಕಟ್ಟಡ, ಮುಂದೆ ಒಂದು ಬೇವಿನ ಮರ. ಅಪ್ಪ ಹಾಳೆಯ ಮೇಲೆ ಗೆರೆ ಎಳೆದು ಹೋಲಿಸಿದರು. ಖರ್ಚು ಹೆಚ್ಚೂಕಮ್ಮಿ ಒಂದೇ, ಡಿಗ್ರಿ ಒಂದೇ, ವರ್ಷವೂ ಒಂದೇ. ನನ್ನ ಮನಸ್ಸು ಗಾಜಿನ ಕಡೆಗಿತ್ತು. ಸುಳ್ಳೇಕೆ ಹೇಳಲಿ, ಅಲ್ಲಿನ ಕ್ಯಾಂಟೀನಿನಲ್ಲಿ ಸೋಫಾ ಇತ್ತು.

“ದುಡ್ಡೂ ಒಂದೇ ಅಂದ್ಮೇಲೆ ಇನ್ನೇನು, ಟಾಸ್ ಹಾಕ್ಬಿಡೋಣ” ಎಂದರು ಅಪ್ಪ.

ಪೇಪರು ಓದಲು ಮೇಲೆ ಬಂದಿದ್ದ ಕಾಕಾ ಕಾಫಿ ಲೋಟ ಕೆಳಗಿಟ್ಟರು. ಐದು ವರ್ಷದ ವಿಷಯವನ್ನು ನಾಣ್ಯ ಹಾರಿಸಿ ತೀರ್ಮಾನಿಸುವುದು ಅವರ ಕಿವಿಗೆ ಬೈಗುಳದಂತೆ ಕೇಳಿಸಿರಬೇಕು. ಎಡಗೆನ್ನೆ ಮುಟ್ಟಿಕೊಂಡರು, ಬಲಗೆನ್ನೆ ಮುಟ್ಟಿಕೊಂಡರು.

“ಎರಡು ಹಲ್ಲು ಕೆಟ್ಟಾವ, ಎರಡು ಕಾಲೇಜ ಅವ. ಇನ್ನೇನ ಬೇಕು? ಸೋಮವಾರದ ತನಕಾ ತಡೀರಿ.”

ಮಂಗಳವಾರ ಗಾಜಿನ ಕಾಲೇಜಿಗೆ ಹೋಗಿ ಎಡದ ಹಲ್ಲು ತುಂಬಿಸಿಕೊಂಡು ಬಂದರು. ಗುರುವಾರ ಬೇವಿನ ಮರದ ಕಾಲೇಜಿಗೆ ಹೋಗಿ ಬಲದ್ದು. ಅವತ್ತು ಸಂಜೆ ನಮ್ಮ ಮನೆಯಲ್ಲಿ ಕೂತು ವರದಿ ಒಪ್ಪಿಸಿದರು. ಬಲಗೆನ್ನೆ ಇನ್ನೂ ಮರಗಟ್ಟಿತ್ತು, ಅಮ್ಮ ಕೊಟ್ಟ ಚಹಾ ತುಟಿಯ ಅಂಚಿನಿಂದ ಅಂಗಿಯ ಮೇಲೆ ಇಳಿಯುತ್ತಿತ್ತು. ಅದರ ಪರಿವೆಯೇ ಅವರಿಗಿರಲಿಲ್ಲ.

“ಗಾಜಿನ ಕಾಲೇಜಿನ್ಯಾಗ ಹತ್ತು ನಿಮಿಷಕ್ಕ ಕುರ್ಚಿ ಸಿಕ್ತು. ದೊಡ್ಡ ಮೇಡಮ್ಮರು ತಾವ ಬಂದು ತುಂಬಿದ್ರು. ನೋವು ಅನ್ನೂದು ಗೊತ್ತಾಗಲಿಲ್ಲ. ನಾಲ್ಕು ಹುಡುಗರು ಕೈ ಕಟ್ಟಿ ನಿಂತು ನೋಡಿದ್ರು. ಕಡೀ ವರ್ಷದ ಹುಡುಗಗ ಕೇಳಿದೆ, ಈ ತಿಂಗಳ ಎಷ್ಟು ಹಲ್ಲು ತುಂಬೀಯಪಾ ಅಂತ. ಎರಡು ಅಂದ. ಪಾಪ, ಪೇಷಂಟ್ ಬರೂದಿಲ್ಲ, ಅಂವರ ಏನ ಮಾಡ್ತಾನ?”

“ಇನ್ನೊಂದರಲ್ಲಿ?” ಎಂದರು ಅಪ್ಪ.

“ಅಲ್ಲೆ ಮೂರು ತಾಸು ಬೆಂಚಿನ ಮ್ಯಾಲೆ ಕೂಡಿಸಿದ್ರು. ಆಮ್ಯಾಲೆ ಕಲಿಯೂ ಹುಡುಗಿ ಒಬ್ಬಾಕಿ ಬಂದ್ಲು. ತುಂಬಿದ್ಲು. ಅವರ ಸರ್ ಬಂದು ನೋಡಿ, ‘ಆಬಾರ್ ಕರೋ’, ಮತ್ತ ಮಾಡು, ಅಂದ್ರು. ತೆಗದ್ಲು, ಮತ್ತ ತುಂಬಿದ್ಲು. ಮತ್ತ ‘ಆಬಾರ್ ಕರೋ’. ಮೂರನೇ ಸಲಕ್ಕ ಹೂಂ ಅಂದ್ರು. ಆ ತಿಂಗಳ ಆಕಿಗೆ ನಾ ಇಪ್ಪತ್ತಮೂರನೇ ಪೇಷಂಟ್.”

ಅಮ್ಮನಿಗೆ ತಡೆಯಲಾಗಲಿಲ್ಲ. “ನಿಮ್ಮ ಬಾಯಿಗೆ ಮೂರು ಸಲ ಕೈ ಹಾಕಿದ್ದಾರೆ. ಅದು ಒಳ್ಳೇ ಕಾಲೇಜಾ?”

“ಹಲ್ಲು ತುಂಬಿಸಿಕೊಳ್ಳಲಿಕ್ಕೆ ಗಾಜಿಂದ ಛಲೋ ಅದ ನೋಡ್ರಿ. ನಮ್ಮ ತಂಗಿ ಹೊಂಟದ್ದು ತುಂಬಿಸಿಕೊಳ್ಳಲಿಕ್ಕೋ, ತುಂಬಲಿಕ್ಕೋ?” ಎಂದು ಕಾಕಾ ನನ್ನ ಕಡೆ ಬೆರಳು ತೋರಿಸಿದರು.

ನನಗೆ ಅಳುವೇ ಬಂತು. ಸೋಫಾ ಹೋಯಿತು, ಎದುರಿಗೆ ದಿನಾ ನಾಲ್ಕು ತಾಸಿನ ಮೆಟ್ರೊ, ಬಸ್ಸು, ಆಟೊ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಾಕಾ ಬಾಗಿಲ ಹೊರಗಿನಿಂದ, “ನನ್ನ ಮಾತ ಕೇಳಬ್ಯಾಡ. ಸ್ಯಾಂಪಲ್ ನೀನ ನೋಡು” ಎಂದರು. ಶನಿವಾರ ಕರೆದುಕೊಂಡು ಹೋಗಿ ಬೇವಿನ ಮರದ ಕಾಲೇಜಿನ ಬೆಂಚಿನ ಮೇಲೆ ಕೂರಿಸಿದರು. ಎರಡು ತಾಸು ಕೂತೆ. ಪಕ್ಕದ ಅಜ್ಜಿಯೊಬ್ಬಳು ಟಿಫಿನ್ ಡಬ್ಬಿ ಸಮೇತ ಬಂದಿದ್ದಳು. “ನನ್ನ ಹುಡುಗ ಫೋನ್ ಮಾಡಿ ಕರೆದ” ಎಂದು ಬಂಗಾಳಿಯಲ್ಲಿ ಹೇಳಿ ಬಿಳಿ ಕೋಟಿನ ವಿದ್ಯಾರ್ಥಿಯೊಬ್ಬನನ್ನು ತೋರಿಸಿದಳು. ಹೆತ್ತ ಮಗನನ್ನು ತೋರಿಸುವ ಹೆಮ್ಮೆಯಿತ್ತು ಅವಳಿಗೆ. ಆ ಹುಡುಗ ಬಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಸೋಮವಾರ ನಾನು ಬೇವಿನ ಮರವನ್ನೇ ಮೊದಲು ತುಂಬಿದೆ.

ಮೊದಲ ವರ್ಷ ಕಾಕಾನನ್ನು ಮನಸಾರೆ ಬೈದುಕೊಂಡೆ. ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಕೆತ್ತಿ ಮುಗಿಸಿದ್ದನ್ನು ಸರ್ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ “ಆಬಾರ್ ಕರೋ” ಎನ್ನುವರು. ಸಂಜೆ ಬಸವಳಿದು ಬಂದರೆ ಕಾಕಾ ಗೇಟಿನಲ್ಲೇ ನಿಂತಿರುವರು. “ಇವತ್ತ ಎಷ್ಟು ಸಲ ಆತು, ತಂಗಿ?” ನಾನು ಚೀಲದಿಂದ ತೆಗೆದು ಎಸೆಯುತ್ತಿದ್ದ ಆ ಸೊಟ್ಟ ಹಲ್ಲುಗಳನ್ನು ಆರಿಸಿಕೊಂಡು ಹೋಗಿ ತಮ್ಮ ಟಿವಿಯ ಪಕ್ಕ ಸಾಲಾಗಿ ಜೋಡಿಸಿದರು. ಮನೆಗೆ ಬಂದವರಿಗೆಲ್ಲ ಮೊದಲನೆಯದನ್ನೂ ಕೊನೆಯದನ್ನೂ ಕೈಗೆ ಕೊಟ್ಟು, “ಫರಕ್ ನೋಡ್ರಿ” ಎನ್ನುತ್ತಿದ್ದರು.

ಮೂರನೆಯ ವರ್ಷ ನಮಗೂ ಪೇಷಂಟುಗಳನ್ನು ಕೊಟ್ಟರು. ಆ ಹೊತ್ತಿಗೆ ನಾನು ಎದುರಿಗಿದ್ದವರ ಮುಖಕ್ಕಿಂತ ಮೊದಲು ದವಡೆ ನೋಡುವಂತಾಗಿದ್ದೆ. ಯುಗಾದಿಗೆ ಕಾಕಾ, ಕಾಕು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕಾಕಾ ಹೋಳಿಗೆಯನ್ನೂ ಎಡಕ್ಕೇ ಅಗಿಯುತ್ತಿದ್ದರು, ಅಂಬೊಡೆಯನ್ನೂ ಎಡಕ್ಕೇ.

“ಕಾಕಾ, ಬಾಯಿ ತೆಗೀರಿ.”

“ಊಟದ ನಡುವೇನವಾ?”

“ತೆಗೀರಿ ಅಂದೆ.”

ಮೊಬೈಲಿನ ಟಾರ್ಚು ಹಾಕಿದೆ. ಗಾಜಿನ ಕಾಲೇಜಿನವರು ತುಂಬಿದ ಎಡದ ಹಲ್ಲು ನಿನ್ನೆ ತುಂಬಿದ ಹಾಗಿತ್ತು. ಬಲಕ್ಕೆ ತುಂಬಿದ್ದೇನೂ ಇರಲಿಲ್ಲ, ಬರೀ ಹಳ್ಳ. ನಾನು ನಂಬಿ ಹೋದ ಕಾಲೇಜಿನ ಕೆಲಸ ಉದುರಿಹೋಗಿತ್ತು.

“ನೀ ಕಾಲೇಜ ಸೇರಿದ ವರ್ಷಾನ, ದುರ್ಗಾ ಪೂಜೋಕ್ಕ ಕೊಬ್ಬರಿ ಉಂಡಿ ತಿನ್ನೂ ಮುಂದ ಕಿತ್ತು ಬಂತು. ನಾಲ್ಕು ತಿಂಗಳೂ ತಡೀಲಿಲ್ಲ” ಎಂದು ಕಾಕು ಬಾಯಿಬಿಟ್ಟರು. “ತಂಗೀಗೆ ಹೇಳಬ್ಯಾಡ ಅಂತ ನನ್ನ ಬಾಯಿ ಕಟ್ಟಿದ್ರು.”

“ಯಾಕೆ ಕಾಕಾ?”

“ಆಗ ಹೇಳಿದ್ರ ದಿನಾ ಬಸ್ಸಿನ್ಯಾಗ ಕೂತು ತಪ್ಪು ಕಾಲೇಜ ಆರಿಸಿದೆ ಅಂತ ಅಳತಿದ್ದಿ. ಕಲಿಯೂ ಹುಡುಗಿ ಆಕಿ, ಉದರೂದು ಉದರತದ. ಅದಕ್ಕ ಅಲ್ಲೇನು ಮತ್ತ ಮಾಡು ಅನ್ನೂದು? ಇನ್ನ ಈ ಹಳ್ಳ ಬ್ಯಾರೆಯವರ ಕೈಗೆ ಯಾಕ ಕೊಡ್ಲಿ, ನಿನ್ನ ಸಲುವಾಗಿ ಇಟ್ಟೀನಿ.”

ಎರಡು ವರ್ಷಕ್ಕೂ ಮೇಲೆ ಆ ಮನುಷ್ಯ ಒಂದೇ ಕಡೆ ಅಗಿದಿದ್ದರು, ನನ್ನ ಧೈರ್ಯ ಕೆಡಬಾರದೆಂದು. ನನಗೆ ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು. ಹುಳುಕು ಬೇರು ತಲುಪಿದ್ದರೆ ಗತಿಯೇನೆಂದು ಎಲೆಯ ಮುಂದೆಯೇ ಅವರಿಗೆ ಚೆನ್ನಾಗಿ ಬೈದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಕಾಕುಗೆ ಆ ಯುಗಾದಿ ಬಹಳ ಸಂತೋಷದ್ದು.

ಮರುವಾರವೇ ಕಾಕಾ ನಮ್ಮ ಕಾಲೇಜಿಗೆ ಬಂದರು. ಪರಿಚಯದವರೆಂದು ಮುಂದೆ ಕರೆದರೆ ಒಪ್ಪದೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತರು. ಪುಣ್ಯಕ್ಕೆ ಹುಳುಕು ಆಳಕ್ಕಿಳಿದಿರಲಿಲ್ಲ. ತುಂಬಿದೆ. ಸರ್ ಬಂದು ಬಗ್ಗಿ ನೋಡಿದರು.

“ಆಬಾರ್ ಕರೋ.”

ಬಾಯಿ ತುಂಬ ಹತ್ತಿ ಇಟ್ಟುಕೊಂಡಿದ್ದ ಕಾಕಾ ಕುಲುಕುಲು ನಕ್ಕರು. ಕುರ್ಚಿಯೇ ಅಲುಗಿತು. ತೆಗೆದು ಮತ್ತೆ ತುಂಬಿದೆ. ಸರ್ ಮತ್ತೆ ಅದೇ ಅಂದರು. ಈ ಸಲ ಕಾಕಾ ನನ್ನ ಕಡೆ ಎರಡು ಬೆರಳೆತ್ತಿ ತೋರಿಸಿದರು. ಮೂರನೆಯದಕ್ಕೆ ಸರ್ ಹೂಂ ಎಂದು ಮುಂದಿನ ಕುರ್ಚಿಗೆ ಹೋದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

“ಹೇಗಿದೆ ಕಾಕಾ?” ಎಂದೆ.

ನಾಲಿಗೆಯಿಂದ ತಡವಿ ನೋಡಿದರು. “ಈಗ ಹ್ಯಾಂಗ ಹೇಳ್ಲಿ? ತಡದು ನೋಡೂಣು. ಸ್ಯಾಂಪಲ್ ಅದ ಇದು.”

ಆಮೇಲೆ ನಾನು ಪಾಸಾದೆ, ಊರಿನ ಆ ತುದಿಯ ಬೆಹಾಲಾದಲ್ಲಿ ಸಣ್ಣ ಕ್ಲಿನಿಕ್ ಹಾಕಿ ಅಲ್ಲೇ ಮನೆ ಮಾಡಿದೆ. ಸಿಕ್ಕಾಗಲೆಲ್ಲ ಕೇಳುತ್ತಿದ್ದೆ, “ಕಾಕಾ, ಇನ್ನಾದರೂ ಸಹಿ ಮಾಡ್ತೀರಾ?” ಅವರು ಕೋರೆಹಲ್ಲು ತೋರಿಸಿ, “ಅವಸರ ಯಾಕ?” ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಕಾಕಾ ಏಳಲಿಲ್ಲ. ನರಳದೆ ಹೋದರು. ಸುದ್ದಿ ತಿಳಿದು ಓಡಿಬಂದಾಗ ಕಾಕು ಟಿವಿಯ ಪಕ್ಕದ ಮೇಣದ ಹಲ್ಲುಗಳ ಧೂಳು ಒರೆಸುತ್ತಾ ಕೂತಿದ್ದರು. ನನ್ನನ್ನು ಹತ್ತಿರ ಕೂರಿಸಿಕೊಂಡರು.

“ನಿನ್ನೆ ಚಕ್ಕಲಿ ಮಾಡಿದ್ದೆ. ಒಂದು ಬಾಯಾಗ ಇಟ್ಟುಕೊಂಡು, ಇಲ್ಲಿ ನೋಡು ಅಂತ ನನ್ನ ಕರದು, ಬಲಕ್ಕೇ ಅಗದು ತೋರಿಸಿದ್ರು. ‘ತಂಗಿ ಬಂದ್ರ ಹೇಳು, ಸಹಿ ಮಾಡೀನಿ’ ಅಂದ್ರು.”

ನಾನು ಕಾಕು ಕೊಟ್ಟ ಚಕ್ಕಲಿಯನ್ನು ಅಲ್ಲೇ ಕೂತು, ಅಳುತ್ತಾ, ಪೂರ್ತಿ ತಿಂದೆ.